ಕಂಡಿಕೆಯ ಲೆಕ್ಕ

ಇಳಕಲ್ಲಿನಿಂದ ಮರಳಿದ ಮೇಲೆ ಒಂದು ಮಳೆಗಾಲ ಪೂರಾ ಕಳೆದಿದೆ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲೀಗ ಅಡಕೆ ಸುಲಿಯುವ, ಬೇಯಿಸುವ, ಒಣಗಿಸುವ ಗಡಿಬಿಡಿ. ಇಷ್ಟರ ನಡುವೆಯೂ ಆ ಊರಿನ ಒಂದು ಮನೆ ಮನಸ್ಸು ಬಿಟ್ಟು ಹೋಗುತ್ತಿಲ್ಲ. ಆ ಮನೆಯ ಅಜ್ಜ, ಮೊಮ್ಮಗ, ಇಬ್ಬರ ನಡುವೆ ರಾಟೆ ತಿರುಗಿಸುತ್ತ ಕೂತಿದ್ದ ಹೆಣ್ಣುಮಗಳು. ಅವರ ಮನೆಯೊಳಗಿನ ವಾದ ನನ್ನೊಳಗೂ ನಡೆಯುತ್ತಲೇ ಇದೆ.

ಎಳ್ಳಮಾಸೆ ಮುಗಿದು ಕೆಲವು ದಿನಗಳಾಗಿದ್ದವು. ಬಾಗಲಕೋಟೆ ದಾಟಿದ ಮೇಲೆ ಬಸ್ಸಿನ ಎರಡೂ ಬದಿಗೆ ಎರೆಭೂಮಿ, ತೆನೆ ಬಿಟ್ಟ ಬಿಳಿಜೋಳ, ನಡುನಡುವೆ ಕಡಲೆ, ಕುಸುಬಿಯ ಹಳದಿ. ಬೆಟ್ಟ, ಕಾಡು, ತೋಟ ನೋಡಿ ಬೆಳೆದ ಕಣ್ಣಿಗೆ ಅಷ್ಟು ದೂರದವರೆಗೆ ಏನೂ ಅಡ್ಡ ಬಾರದ ನೆಲವೇ ಒಂದು ಬೆರಗು. ನಮ್ಮಲ್ಲಿ ತೋಟದೊಳಗೆ ಯಾರು ಕೆಲಸ ಮಾಡುತ್ತಿದ್ದಾರೆ ಎಂದು ತಿಳಿಯಬೇಕಾದರೆ ಕೂಗಿ ಕರೆಯಬೇಕು. ಇಲ್ಲಿ ಹೊಲದಲ್ಲಿ ಬಾಗಿದ ಬೆನ್ನು ಮೈಲಿ ದೂರದಿಂದಲೇ ಕಾಣುತ್ತದೆ. ಪಕ್ಕದ ಸೀಟಿನಲ್ಲಿದ್ದ ಹಿರಿಯರು ನನ್ನ ನೋಟವನ್ನು ಗಮನಿಸಿ, "ಆ ಹೊಲದಾಗ ಇರೋರನ್ನ ನೋಡ್ರಿ ಬಾಯಾರ, ಎಲ್ಲಾ ಐವತ್ತರ ಮ್ಯಾಲಿನವರು. ಹುಡುಗ್ರು ಒಬ್ರರೇ ಕಾಣ್ತಾರೇನು? ಈಗಿನವ್ರಿಗೆ ಮೈ ಬಗ್ಗಂಗಿಲ್ರೀ" ಎಂದರು. ಅಮೀನಗಡ ಬರುವಷ್ಟರಲ್ಲಿ ತಮ್ಮ ಇಬ್ಬರು ಗಂಡುಮಕ್ಕಳ ಮೇಲಿನ ದೂರನ್ನೆಲ್ಲ ಹೇಳಿ ಮುಗಿಸಿದ್ದರು. ಬಸ್ಸು ನಿಂತಾಗ ಇಳಿದು ಕರದಂಟು ಕೊಂಡು ಬಂದು ನನಗೂ ಒಂದು ತುಂಡು ಮುರಿದು ಕೊಟ್ಟರು. ಅಂಟು, ಬೆಲ್ಲ, ಒಣಕೊಬ್ಬರಿ ಸೇರಿದ ಆ ಗಟ್ಟಿ ತಿನಿಸನ್ನು ಅಗಿಯುತ್ತ, ಮಕ್ಕಳು ಎಲ್ಲಿದ್ದಾರೆ ಎಂದು ಕೇಳಿದೆ. ಒಬ್ಬ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ, ಇನ್ನೊಬ್ಬ ಪುಣೆಯಲ್ಲಿ ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿ ರಾತ್ರಿಪಾಳಿಗೆ. ಮೈ ಬಗ್ಗದ ಮಕ್ಕಳು ಎಂದು ಅವರು ಹೇಳಿದ್ದು ಇವರನ್ನೇ.

ಇಳಕಲ್ಲಿನಲ್ಲಿ ನನ್ನ ಗೆಳತಿಯ ಮನೆ. ಅವಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮಧ್ಯಾಹ್ನದ ಊಟಕ್ಕೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಜೊತೆಗೆ ಹಸಿ ಹಕ್ಕರಿಕಿ ಸೊಪ್ಪು. ಕುಚ್ಚಲಕ್ಕಿ ಗಂಜಿ, ಸಾರು, ತಂಬುಳಿಯ ಮೆದು ಊಟಕ್ಕೆ ಒಗ್ಗಿದ ನಾನು ಆ ಖಾರ, ಆ ಗರಿಗರಿಯ ನಡುವೆ ನಿಧಾನವಾಗಿ ಉಣ್ಣುತ್ತಿದ್ದೆ. ಗೆಳತಿಯ ಅತ್ತೆ ಪಕ್ಕದಲ್ಲೇ ಕೂತು ಬಡಿಸುತ್ತ, "ಇವು ರೊಟ್ಟಿ ಕೇಂದ್ರದವು ಯವ್ವಾ. ನಮ್ಮ ಕಾಲದಾಗ ನಸುಕಿನ್ಯಾಗ ಎದ್ದು ಹದಿನೈದು ಮಂದಿಗೆ ರೊಟ್ಟಿ ಬಡೀತಿದ್ವಿ. ಈಗಿನ ಸೊಸೆಂದ್ರಿಗೆ ಆಗಂಗಿಲ್ಲ" ಎಂದರು. ಗೆಳತಿ ಸುಮ್ಮನಿದ್ದಳು. ಸಂಜೆ ಆ ರೊಟ್ಟಿ ಕೇಂದ್ರದ ಮುಂದೆ ಹಾದುಹೋದಾಗ ಒಳಗೆ ನೋಡಿದೆ. ಸಾಲಾಗಿ ಒಲೆಗಳು, ಬೆವರು ಸುರಿಸುತ್ತ ಪಟಪಟ ರೊಟ್ಟಿ ತಟ್ಟುತ್ತಿದ್ದ ಹೆಂಗಸರು. ಹೆಚ್ಚಿನವರು ಮೂವತ್ತರ ಒಳಗಿನವರು, ಅವರೂ ಯಾರದೋ ಮನೆಯ ಸೊಸೆಯರು. ರೊಟ್ಟಿ ಬಡಿಯುವುದನ್ನು ಈ ತಲೆಮಾರು ಬಿಟ್ಟಿಲ್ಲ. ಬಡಿದದ್ದಕ್ಕೆ ವಾರದ ಕೊನೆಗೆ ಕೈಗೆ ರೊಕ್ಕ ಬರುವ ಕಡೆ ಹೋಗಿ ಬಡಿಯುತ್ತಿದೆ.

ಮರುದಿನ ಬೆಳಿಗ್ಗೆ ಗೆಳತಿ ನನ್ನನ್ನು ನೇಕಾರರ ಓಣಿಗೆ ಕರೆದುಕೊಂಡು ಹೋದಳು. ಓಣಿಯ ಎಷ್ಟೋ ಮನೆಗಳಿಂದ ವಿದ್ಯುತ್‌ಮಗ್ಗದ ಒಂದೇ ಸಮನೆಯ ಗದ್ದಲ. ನಾವು ಹೊಕ್ಕ ಮನೆಯಲ್ಲಿ ಮಾತ್ರ ಕೈಮಗ್ಗದ ಬಿಡಿಬಿಡಿಯಾದ ಸದ್ದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಅಜ್ಜ ಕೂತಿದ್ದರು. ಎಪ್ಪತ್ತು ದಾಟಿದ ವಯಸ್ಸು, ಹಣೆಯಲ್ಲಿ ವಿಭೂತಿ, ಕಾಲು ತುಳಿಯುವ ಹಲಗೆಯ ಮೇಲೆ, ಕೈ ಲಾಳಿಯ ಹಗ್ಗದ ಮೇಲೆ. "ಬಾ ತಂಗಿ, ಕೂಡ್ರು" ಎಂದರೇ ಹೊರತು ಕೈ ನಿಲ್ಲಿಸಲಿಲ್ಲ.

ಇಳಕಲ್ ಸೀರೆಯ ಗುಟ್ಟು ಸೆರಗಿನಲ್ಲಿದೆ ಎಂದು ನನಗೆ ಓದಿ ಗೊತ್ತಿತ್ತು. ಕಣ್ಣೆದುರು ಕಂಡದ್ದು ಅಲ್ಲಿಯೇ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಯ ತುದಿಗಳನ್ನು ಸೆರಗಿನ ಕೆಂಪು ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಕೊಂಡಿ ಕೂಡಿಸಿದ ಮೇಲೆ ಕೆಂಪಿನ ನಡುವೆ ಬಿಳಿಯ ತೆನೆಗಳು ಏಳುತ್ತವೆ. ಜೋಳದ ತೆನೆ ಎನ್ನುವವರೂ ಉಂಟು, ಗುಡಿಯ ಗೋಪುರ ಎನ್ನುವವರೂ ಉಂಟು. ಹೀಗೆ ಕೂಡಿಸುವುದರಿಂದ ಒಂದೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಹತ್ತಾರು ಸೀರೆಗೆ ಒಟ್ಟಿಗೆ ಹಾಸು ಹೂಡಿ ನೇಯುತ್ತ ಹೋಗುವ ಸುಲಭ ಇಲ್ಲಿಲ್ಲ. ಅಜ್ಜ ಒಮ್ಮೆ ಥಟ್ಟನೆ ನಿಲ್ಲಿಸಿ, ನನ್ನ ಕಣ್ಣಿಗೆ ಕಾಣದ ಒಂದು ಹರಿದ ಎಳೆಯನ್ನು ಬೆರಳ ತುದಿಯಲ್ಲಿ ಹಿಡಿದು, ಉಗುಳು ಹಚ್ಚಿ ಹೊಸೆದು ಕೂಡಿಸಿ, ಮತ್ತೆ ಲಾಳಿ ಎಳೆದರು. ನೋಡಿ ಕಂಡದ್ದೇ, ಕೈಗೆ ತಿಳಿದದ್ದೇ ಎಂದು ಕೇಳಿದೆ. "ಸಪ್ಪಳ ಬ್ಯಾರೆ ಬಂತಲ್ಲ" ಎಂದರು.

ಆಮೇಲೆ ಅವರೇ ಮಾತು ತೆಗೆದರು. "ಹನ್ನೊಂದು ವರ್ಷದಾಂವ ಇದ್ದಾಗ ಈ ತೆಗ್ಗಿನ್ಯಾಗ ಇಳದೀನಿ. ಜ್ವರ ಬಂದ್ರೂ ನೇಯ್ದೀನಿ, ಅವ್ವ ಸತ್ತ ಮೂರನೇ ದಿನಕ್ಕೂ ನೇಯ್ದೀನಿ. ಈಗ ನಮ್ಮ ಮೊಮ್ಮಗಗ ಹೇಳಿದ್ರ, ಯಜ್ಜಾ ನನಗ ಆಗಂಗಿಲ್ಲ ಅಂತಾನ. ದುಡಕಿ ಅಂದ್ರ ಅವರಿಗೆ ಭಯ."

ಗೋಡೆಯ ಪಕ್ಕದಲ್ಲಿ ರಾಟೆಯ ಮುಂದೆ ಅವರ ಸೊಸೆ ಕೂತಿದ್ದರು. ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವ ಕೆಲಸ. ನಾವು ಬಂದಾಗಿನಿಂದ ಅವರ ಕೈಯೂ ನಿಂತಿರಲಿಲ್ಲ. ಕೊಂಡಿ ಕೂಡಿಸುವವರು ಯಾರು ಎಂದು ಕೇಳಿದಾಗ ಅಜ್ಜ ಸೊಸೆಯತ್ತ ಗದ್ದ ತೋರಿಸಿದರು. ನೇಕಾರರ ಗುರುತಿನ ಚೀಟಿ ಆ ಮನೆಯಲ್ಲಿ ಇದ್ದದ್ದು ಅಜ್ಜನ ಹೆಸರಿನಲ್ಲಿ ಒಂದೇ. "ನನ್ನದೇನೈತ್ರೀ, ಮನ್ಯಾಗಿನ ಕೆಲಸ" ಎಂದರು ಆ ಹೆಣ್ಣುಮಗಳು, ನಗುತ್ತ. 2019-20ರ ರಾಷ್ಟ್ರೀಯ ಕೈಮಗ್ಗ ಗಣತಿ ಈ ದೇಶದಲ್ಲಿ ಕೈಮಗ್ಗ ಮತ್ತು ಅದರ ಪೂರಕ ಕೆಲಸದಲ್ಲಿ 35 ಲಕ್ಷಕ್ಕೂ ಹೆಚ್ಚು ಜನರನ್ನು ಲೆಕ್ಕ ಹಾಕಿತು. ಅವರಲ್ಲಿ 100ಕ್ಕೆ 70ಕ್ಕಿಂತ ಹೆಚ್ಚು ಹೆಂಗಸರು. ಅದೇ ಗಣತಿಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ನೇಕಾರ ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗೂ ಕಡಿಮೆ ಎಂದು ಬಂದಿದೆ. ಒಬ್ಬರ ಆದಾಯವಲ್ಲ, ಕುಟುಂಬದ್ದು. ಅಂದರೆ ಅಜ್ಜನ ಲಾಳಿ, ಸೊಸೆಯ ರಾಟೆ, ಅವರಿಬ್ಬರ ಹಗಲು, ರಾತ್ರಿಯ ದೀಪದ ಬೆಳಕಿನ ಕೊಂಡಿ, ಎಲ್ಲ ಸೇರಿದರೆ ಬರುವ ಹಣ. ಆ ಅಂಕಿಯನ್ನು ತಲೆಯಲ್ಲಿಟ್ಟುಕೊಂಡು ಮೊಮ್ಮಗನ ಮೇಲಿನ ದೂರನ್ನು ಕೇಳುವುದು ನನಗೆ ಕಷ್ಟವಾಯಿತು.

ಮೊಮ್ಮಗ ಸಿಕ್ಕಿದ್ದು ಅಂದೇ ಸಂಜೆ. ಬೆಂಗಳೂರಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ, ರಜೆಗೆ ಊರಿಗೆ ಬಂದಿದ್ದ. ಬಸ್‌ನಿಲ್ದಾಣದ ಹತ್ತಿರ ಮಿರ್ಚಿಭಜಿಯ ಗಾಡಿಯ ಮುಂದೆ ಇಬ್ಬರು ಗೆಳೆಯರ ಜೊತೆ ನಿಂತಿದ್ದ. ಗೆಳತಿಯ ಹಳೆಯ ವಿದ್ಯಾರ್ಥಿ ಅವನು. ನಮಗೂ ಭಜಿ, ಚುರುಮುರಿ ಕೊಡಿಸಿದ. ಅಜ್ಜ ನಿನ್ನ ಬಗ್ಗೆ ಹೀಗೆ ಹೇಳಿದರು ಎಂದಾಗ ಅವನಿಗೆ ಸಿಟ್ಟು ಬರಲಿಲ್ಲ.

"ಅಜ್ಜ ಹೇಳೋದು ಖರೇನ ಐತಿ ಅಕ್ಕಾರ. ಅವರಷ್ಟು ದುಡಿದವರನ್ನ ನಾ ನೋಡಿಲ್ಲ. ಆದ್ರ ನಾ ಏನ್ ಸುಮ್ನ ಕುಂತೀನೇನು? ಮುಂಜಾನಿ ಹತ್ತಕ್ಕ ಗಾಡಿ ಹತ್ತಿದ್ರ ರಾತ್ರಿ ಹನ್ನೊಂದು. ಮಳಿ, ಬಿಸಲು, ಸಿಗ್ನಲ್ಲು. ನಾಕನೇ ಮಾಳಿಗಿ ಹತ್ತು, ಇಳಿ. ಆದ್ರ ಸೋಮವಾರ ನಾ ಫೋನ್ ಬಂದ್ ಮಾಡ್ತೀನಿ. ಸೋಮವಾರ ನಂದು. ಅಜ್ಜಗ ಒಂದ ಒಂದು ದಿನಾ ಅಂವಂದು ಅಂತ ಇತ್ತೇನ್ರೀ?"

ಅವನ ಗೆಳೆಯರಲ್ಲಿ ಒಬ್ಬ ಇಳಕಲ್ಲಿನ ಹೆಸರಾದ ಕೆಂಪುಕಲ್ಲಿನ ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದವನು, ಬಿಟ್ಟಿದ್ದ. ಕಲ್ಲು ಕೊಯ್ಯುವಾಗ ಏಳುವ ಸಣ್ಣ ದೂಳು ಪುಪ್ಪುಸದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಒಮ್ಮೆ ಬಂದರೆ ವಾಸಿಯಾಗದ ರೋಗ. ಅವನ ಸೋದರಮಾವ ಅದೇ ಕೆಲಸದಲ್ಲಿದ್ದು ಕೆಮ್ಮುತ್ತ ಮಲಗಿದ್ದನ್ನು ಕಂಡವನು. ಮನೆಯಲ್ಲಿ ಅವನಿಗೂ ಸೋಮಾರಿ ಎಂಬ ಹೆಸರು ಬಿದ್ದಿತ್ತು. "ಮಾಸ್ಕ್ ಕೊಡ್ರಿ, ನೀರು ಬಿಟ್ಟು ಕೊಯ್ಯೂನು ಅಂತ ಕೇಳಿದ್ನಿ. ಕೇಳಿದ್ದಕ್ಕ ದೊಡ್ಡಾಂವ ಆದಿ ಅಂದ್ರು" ಎಂದ. ಹಿಂದಿನವರು ಕೇಳದೆ ಮಾಡಿದರು, ಇವನು ಕೇಳಿದ. ಆ ಓಣಿಯ ಹಿರಿಯರ ಕಣ್ಣಿಗೆ ದುಡಿಮೆಯ ನಿಷ್ಠೆ ಎಂದರೆ ಬಹಳ ಮಟ್ಟಿಗೆ ಕೇಳದಿರುವುದೇ ಆಗಿತ್ತು ಎಂದು ನನಗೆ ಅನ್ನಿಸತೊಡಗಿದ್ದು ಆ ಗಾಡಿಯ ಮುಂದೆ.

ಹುಡುಗರು ದುಡಿಯುವುದಿಲ್ಲ ಎಂಬ ದೂರು ಇಳಕಲ್ಲಿನ ಓಣಿಯದು ಮಾತ್ರವಲ್ಲ. 2023ರ ಅಕ್ಟೋಬರಿನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ನಮ್ಮ ಊರಿನ ಸೊಸೈಟಿ ಕಟ್ಟೆಯ ಮೇಲೂ ಅದೇ ಚರ್ಚೆ. ಶಿಡ್ಲಘಟ್ಟದಲ್ಲಿ ಮೇಷ್ಟರ ಮಗನಾಗಿ ಹುಟ್ಟಿ, ತಾನೇ ಹಾಗೆ ದುಡಿದು ದೊಡ್ಡ ಸಂಸ್ಥೆ ಕಟ್ಟಿದವರ ಮಾತು. ಹಗುರಾಗಿ ತಳ್ಳಿಹಾಕುವಂಥದಲ್ಲ. ಅದೇ ವರ್ಷದ ಆರಂಭದಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತ್ತು. 2024ರ ಜುಲೈಯಲ್ಲಿ ಐಟಿ ಕಂಪನಿಗಳಲ್ಲಿ ದಿನದ ದುಡಿಮೆಯನ್ನು 14 ಗಂಟೆಗೆ ಏರಿಸುವ ಪ್ರಸ್ತಾವ ಬಂದಾಗ ಉದ್ಯೋಗಿಗಳ ಸಂಘಟನೆ ಬೀದಿಗಿಳಿಯಿತು. ನನ್ನ ತಂಗಿಯ ಮಗ ಅಂಥ ಒಂದು ಕಂಪನಿಯಲ್ಲಿದ್ದಾನೆ. ಅವನು ಅಂದು ಫೋನಿನಲ್ಲಿ ಹೇಳಿದ್ದು: "ದೊಡ್ಡಮ್ಮ, ಸ್ವಂತ ಕಂಪನಿ ಕಟ್ಟೋನು ಎಪ್ಪತ್ತು ಗಂಟೆ ಮಾಡ್ಲಿ. ಅದು ಅವನ ತೋಟ. ನಾನು ಕೂಲಿ." ತೋಟದ ಮನೆಯಲ್ಲಿ ಬೆಳೆದ ಹುಡುಗ. ತೋಟದ ಯಜಮಾನ ಬೆಳಗಿನ ಜಾವ ಎದ್ದು ತೋಟಕ್ಕೆ ಹೋಗುವುದಕ್ಕೂ ಕೂಲಿಯಾಳು ಹಾಗೆಯೇ ಬರಬೇಕು ಎಂದು ಬಯಸುವುದಕ್ಕೂ ಇರುವ ಅಂತರ ಅವನಿಗೆ ಚೆನ್ನಾಗಿ ಗೊತ್ತು.

ನಮ್ಮ ಸೀಮೆಯ ಒಂದು ಸಂಗತಿಯನ್ನು ಇಳಕಲ್ಲಿನ ಆ ಹುಡುಗರಿಗೆ ಹೇಳಿದೆ. ಅಡಕೆ ಕೊನೆ ತೆಗೆಯುವವರು ಸಿಗುತ್ತಿಲ್ಲ ಎಂದು ನಮ್ಮಲ್ಲಿ ಹದಿನೈದು ಇಪ್ಪತ್ತು ವರ್ಷ ಒಂದೇ ಗೋಳು. ಬೆಳ್ಳಂಬೆಳಿಗ್ಗೆ ಇಬ್ಬನಿಗೆ ಜಾರುವ ಮರ ಹತ್ತಿ, ಮೇಲಿಂದಲೇ ಪಕ್ಕದ ಮರಕ್ಕೆ ದಾಟಿ, ಕೊನೆ ಕೊಯ್ದು ಹಗ್ಗದಲ್ಲಿ ಇಳಿಬಿಡುವ ಕೆಲಸ. ಬಿದ್ದು ಸೊಂಟ ಮುರಿದುಕೊಂಡು ಜೀವಮಾನವೆಲ್ಲ ಹಾಸಿಗೆ ಹಿಡಿದವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಕೊನೆಗಾರರ ಮಕ್ಕಳು ಮರ ಹತ್ತುವುದಿಲ್ಲ ಎಂದು ಬಿಟ್ಟರು. ತೋಟದವರು ಅವರನ್ನು ಸೋಮಾರಿಗಳು ಎಂದರು. ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂತು. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು. ಆಗ ಅದೇ ಹುಡುಗರು ಮರಳಿ ಬಂದರು. ಸಾಲ ಮಾಡಿ ದೋಟಿ ಕೊಂಡು, ಇಬ್ಬಿಬ್ಬರು ಜೋಡಿಯಾಗಿ, ತಮ್ಮ ದರ ತಾವೇ ಹೇಳಿ, ಫೋನಿನಲ್ಲಿ ದಿನ ಗೊತ್ತು ಮಾಡಿಕೊಂಡು ಬರುತ್ತಾರೆ. ಕತ್ತೆತ್ತಿ ನಿಂತು ನಿಂತು ಕುತ್ತಿಗೆ ನೋಯುತ್ತದೆ, ದೋಟಿಯ ಭಾರಕ್ಕೆ ಭುಜ ಇಳಿಯುತ್ತದೆ, ಆದರೂ ಇಡೀ ಹಂಗಾಮು ಬಿಡುವಿಲ್ಲದೆ ದುಡಿಯುತ್ತಾರೆ. ನಮ್ಮ ತೋಟಕ್ಕೆ ಈ ವಾರ ಬಂದದ್ದೂ ಅಂಥ ಜೋಡಿಯೇ. ಅವರ ಮೈಗಳ್ಳತನ ಎಲ್ಲಿಗೆ ಹೋಯಿತು ಎಂದು ನಮ್ಮಲ್ಲಿ ಯಾರೂ ಈಗ ಕೇಳುವುದಿಲ್ಲ.

ಮೊಮ್ಮಗ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಕ್ಕಾರ, ಇನ್ನೊಂದು ಮಾತೈತಿ" ಎಂದ. "ಬೆಂಗಳೂರಾಗ ಮೂರು ವರ್ಷ ಆತು. ಮೊದಲ್ನೇ ತಿಂಗಳದಾಗ ಏನ್ ಕಲ್ತೆನೋ ಅಷ್ಟ. ಹತ್ತು ವರ್ಷ ಮಾಡಿದ್ರೂ ಅಷ್ಟ. ಅಜ್ಜ ಈಗಲೂ ಒಂದು ಸೀರಿ ಮುಗಿಸಿದ ಮ್ಯಾಲೆ ಅದನ್ನ ಬಿಚ್ಚಿ ಬಿಸಲಿಗೆ ಹಿಡದು ನೋಡ್ತಾನ. ನಾ ಏನ್ ಹಿಡದು ನೋಡ್ಲಿ?"

ಭಜಿ ಕರಿಯುತ್ತಿದ್ದವನು ಹೊಸ ಹಿಡಿ ಎಣ್ಣೆಗೆ ಬಿಟ್ಟ. ನಾನು ಏನೂ ಹೇಳಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಅವನ ಆ ಮಾತು. ತಲೆಮಾರುಗಳ ಈ ಜಗಳದಲ್ಲಿ ನಾವು ಯಾವಾಗಲೂ ಮಾತಾಡುವುದು ದುಡಿಯುವವನ ಮನಸ್ಸಿನ ಬಗ್ಗೆ. ಅವನ ಕೈಗೆ ಎಂಥ ಕೆಲಸ ಕೊಟ್ಟಿದ್ದೇವೆ ಎಂಬುದರ ಬಗ್ಗೆ ಮಾತಾಡುವುದು ಕಡಿಮೆ. ಅಜ್ಜನ ನಿಷ್ಠೆಗೆ ಅವರ ಕೆಲಸವೇ ಉತ್ತರ ಕೊಡುತ್ತಿತ್ತು. ಎಳೆ ಹರಿದರೆ ಸಪ್ಪಳ ಬದಲಾಗುತ್ತದೆ, ಕೊಂಡಿ ತಪ್ಪಿದರೆ ತೆನೆ ವಾರೆಯಾಗುತ್ತದೆ, ಸರಿಯಾದರೆ ಯಾರೋ ಮದುಮಗಳು ಉಟ್ಟು ಹೊಸಿಲು ದಾಟುತ್ತಾಳೆ. ಅರವತ್ತು ವರ್ಷ ಬೆಳೆಯಲು ಅದರಲ್ಲಿ ಜಾಗವಿತ್ತು, ಹೊಟ್ಟೆ ತುಂಬಲು ಮಾತ್ರ ಜಾಗವಿರಲಿಲ್ಲ. ಮೊಮ್ಮಗನ ಕೆಲಸದಲ್ಲಿ ಊಟಕ್ಕೆ ತೊಂದರೆಯಿಲ್ಲ, ಸೋಮವಾರವೂ ಉಂಟು. ಆದರೆ ಅವನ ಕೈ, ಕಣ್ಣು ಚುರುಕಾಗುತ್ತ ಹೋಗಲು ಅಲ್ಲಿ ಏನೂ ಇಲ್ಲ. ಅವನು ಚೆನ್ನಾಗಿ ಮಾಡಿದನೋ ಇಲ್ಲವೋ ಎಂದು ಹೇಳುವುದು ಗುರುತಿಲ್ಲದವರು ಒತ್ತುವ ನಕ್ಷತ್ರಗಳು. ಕರ್ನಾಟಕ 2025ರಲ್ಲಿ ಇಂಥ ಕೆಲಸಗಾರರಿಗಾಗಿ ಕಾನೂನು ತಂದಿದೆ, ಕಂಪನಿಗಳಿಂದ ಪ್ರತಿ ವಹಿವಾಟಿಗೆ 1ರಿಂದ 5 ಶೇಕಡಾ ಕಲ್ಯಾಣನಿಧಿಗೆ ಪಡೆಯುವ ಏರ್ಪಾಡು ಅದರಲ್ಲಿದೆ. ಆಗಲೇಬೇಕಾದ ಕೆಲಸ ಅದು. ಅಪಘಾತವಾದರೆ, ಕಾಯಿಲೆ ಬಿದ್ದರೆ ಅವನಿಗೆ ಆಸರೆ ಬೇಕು. ಆದರೂ ಬಿಸಿಲಿಗೆ ಹಿಡಿದು ನೋಡಲು ಏನಾದರೂ ಬೇಕು ಎಂಬ ಅವನ ಹಸಿವಿಗೆ ಕಾನೂನಿನಲ್ಲಿ ಉತ್ತರವಿಲ್ಲ. ಇಂಥ ಹಸಿವಿರುವ ಹುಡುಗನಿಗೆ ದುಡಿಮೆಯೆಂದರೆ ಭಯ ಎಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ.

ಮರುದಿನ ನಾವು ಕೂಡಲಸಂಗಮಕ್ಕೆ ಹೋದೆವು. ಮೊಮ್ಮಗನೂ ಅವನ ಅವ್ವನೂ ಜೊತೆಗೆ ಬಂದರು. ಅಜ್ಜ ಬರಲಿಲ್ಲ, ಮಗ್ಗದ ಮೇಲೆ ಸೀರೆ ಅರ್ಧಕ್ಕಿತ್ತು. ಹುನಗುಂದ ದಾಟಿ ಒಳಗೆ ತಿರುಗಿದರೆ ಕೃಷ್ಣೆ ಮಲಪ್ರಭೆಯರು ಕೂಡುವ ಜಾಗ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ನಿಂತು ನದಿ ಸಮುದ್ರದಂತೆ ಹರಡಿದೆ. ತುಂಗೆ ನಮ್ಮಲ್ಲಿ ಬಂಡೆಗಳ ನಡುವೆ ಸದ್ದು ಮಾಡುತ್ತ ಹರಿಯುವವಳು. ಇಲ್ಲಿ ನೀರಿಗೆ ಸದ್ದೇ ಇಲ್ಲ. ಬಸವಣ್ಣನವರ ಐಕ್ಯಮಂಟಪಕ್ಕೆ ನೀರಿನ ನಡುವೆ ಕಟ್ಟಿದ ದೊಡ್ಡ ಬಾವಿಯಂಥ ಗೋಡೆಯೊಳಗೆ ಮೆಟ್ಟಿಲಿಳಿದು ಹೋಗಬೇಕು. ಸೊಸೆ ಒಂದೊಂದೇ ಮೆಟ್ಟಿಲಿಗೂ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುತ್ತ ಇಳಿದರು.

ದಾಸೋಹದಲ್ಲಿ ಗೋಧಿಹುಗ್ಗಿ, ಅನ್ನ, ಸಾರು. ಪಂಕ್ತಿಯಲ್ಲಿ ನಮ್ಮ ಪಕ್ಕ ಕೂತಿದ್ದ ನಿವೃತ್ತ ಶಿಕ್ಷಕರೊಬ್ಬರು ಮೊಮ್ಮಗನ ಕೆಲಸ ಏನೆಂದು ಕೇಳಿ ತಿಳಿದು, ಕಾಯಕದ ಬಗ್ಗೆ ಬುದ್ಧಿ ಹೇಳತೊಡಗಿದರು. ಮನೆತನದ ಮಗ್ಗ ಬಿಟ್ಟು ಊರೂರು ತಿರುಗುವುದು ಸರಿಯಲ್ಲ, ಶರಣರು ದುಡಿಮೆಯನ್ನು ಶಿವಪೂಜೆಗಿಂತ ಮೇಲೆ ಇಟ್ಟರು ಎಂದು. ಹುಡುಗ ತಲೆತಗ್ಗಿಸಿ ಹುಗ್ಗಿ ತಿನ್ನುತ್ತಿದ್ದ. ಮಾತಾಡಿದ್ದು ಅವನ ಅವ್ವ.

"ಗುರುಗಳ, ಆಯ್ದಕ್ಕಿ ಲಕ್ಕಮ್ಮನ ಕತಿ ನಿಮಗ ಗೊತ್ತಲ್ರೀ" ಎಂದರು. ನಮಗೆಲ್ಲ ಗೊತ್ತಿರುವ ಕತೆಯೇ. ಅಲ್ಲಿಂದ ಬಹಳ ದೂರವೇನಲ್ಲದ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಅವನು ಮಾತಿನಲ್ಲಿ ಮೈಮರೆತು ಕೂತಾಗ, ಕಾಯಕ ನಿಂತಿದೆ, ಏಳು ಎಂದು ಎಬ್ಬಿಸಿ ಕಳಿಸಿದವಳು ಲಕ್ಕಮ್ಮ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೇಕೆ, ಇದು ಆಸೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದವಳೂ ಅವಳೇ.

"ದುಡಿ ಅಂದಾಕಿನೂ ಅಕಿನ, ಸಾಕು ಅಂದಾಕಿನೂ ಅಕಿನ. ನಮ್ಮ ಹಿರ್ಯಾರು ಮೊದಲಿಂದಷ್ಟ ಹೇಳ್ತಾರ. ಎರಡ್ನೇದು ಯಾರೂ ಹೇಳಂಗಿಲ್ಲ. ನನ್ನ ಮಗಾ ಸೋಮವಾರ ಸಾಕು ಅಂತಾನಲ್ರೀ, ಅದರಾಗ ಏನ್ ತಪ್ಪೈತಿ?"

ಹಿಂದಿನ ದಿನ ತನ್ನ ಕೆಲಸವನ್ನು ಕೆಲಸವೇ ಅಲ್ಲ ಎಂದು ನಗುತ್ತ ತಳ್ಳಿಹಾಕಿದ ಹೆಣ್ಣುಮಗಳು ಇವರೇ ಎಂದು ನಂಬುವುದು ಕಷ್ಟವಾಯಿತು. ಶಿಕ್ಷಕರು ಸಜ್ಜನರು. ಕೈ ತೊಳೆದುಕೊಂಡು ಬಂದು ಅವರ ಎದುರು ಕೂತು, ನೀವು ಹೇಳಿದ್ದು ವಿಚಾರ ಮಾಡುವಂಥದು ತಾಯಿ ಎಂದರು. ಹೊರಗೆ ಸಂಗಮನಾಥನ ಗುಡಿಯ ಕಟ್ಟೆಯ ಮೇಲೆ ನಾವೆಲ್ಲ ಬಹಳ ಹೊತ್ತು ಮಾತಾಡಿದೆವು. ಶರಣರು ತಮ್ಮ ಕಾಲದಲ್ಲಿ ಅಂಬಿಗ, ಮಾದಾರ, ಮಡಿವಾಳ, ನೇಕಾರ ಎಲ್ಲರ ಕಾಯಕವೂ ಸಮ ಎಂದರು. ಇಂದು ಮಗ್ಗದ ಮುಂದೆ ಕೂತವನಿಗೆ ಹೆಣ್ಣು ಕೊಡುವವರಿಲ್ಲ. ಮೊಮ್ಮಗನ ಸೋದರಸಂಬಂಧಿಯೊಬ್ಬ ಮೂವತ್ತೈದು ದಾಟಿಯೂ ಮದುವೆಯಿಲ್ಲದೆ ನೇಯುತ್ತಿದ್ದಾನೆ. ಹೆಣ್ಣು ಹೆತ್ತವರು ಕೇಳುವ ಮೊದಲ ಪ್ರಶ್ನೆ ಹುಡುಗನಿಗೆ ತಿಂಗಳ ಪಗಾರ ಇದೆಯೇ ಎಂದು. ನಮ್ಮ ಮಲೆನಾಡಿನ ತೋಟದ ಮನೆಗಳಲ್ಲೂ ಇದೇ ಕತೆ. ತಮ್ಮ ಮಗಳನ್ನು ದುಡಿಯುವವನಿಗೆ ಕೊಡಲು ಒಪ್ಪದ ಅದೇ ಹಿರಿಯರು ಹುಡುಗರು ದುಡಿಮೆಯಿಂದ ಓಡಿಹೋಗುತ್ತಾರೆ ಎಂದು ದೂರುವುದು ನನಗೆ ನೋವು ಕೊಡುತ್ತದೆ. ಗೌರವವನ್ನು ನಾವು ಕಿತ್ತುಕೊಂಡ ಮೇಲೆ ಅವರು ಹೊರಟರು. ಹೊರಟಿದ್ದರಿಂದ ಗೌರವ ಹೋದದ್ದಲ್ಲ.

ಮರಳುವ ದಾರಿಯಲ್ಲಿ ಸೂರ್ಯ ಜೋಳದ ಹೊಲಗಳ ಮೇಲೆ ಇಳಿಯುತ್ತಿದ್ದಾಗ ಮೊಮ್ಮಗ ತನ್ನ ಅವ್ವನಿಗೆ, ದಿನಕ್ಕೆ ಎಷ್ಟು ಕಂಡಿಕೆ ಸುತ್ತುತ್ತಿ, ಒಂದು ಕೊಂಡಿ ಕೂಡಿಸಲು ಎಷ್ಟು ಹೊತ್ತು ಎಂದೆಲ್ಲ ಕೇಳುತ್ತಿದ್ದ. ಅವರಿಗೆ ಲೆಕ್ಕ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಈಚೆಗೆ, ಮಹಾನವಮಿಯ ದಿನ, ಅವನು ಫೋನ್ ಮಾಡಿದ್ದ. ಶ್ರಾವಣದಲ್ಲಿ ಊರಿಗೆ ಬಂದವನು ಇನ್ನೂ ಬೆಂಗಳೂರಿಗೆ ಹೋಗಿಲ್ಲವಂತೆ. ಅಜ್ಜನ ಹತ್ತಿರ ಮಗ್ಗಕ್ಕೆ ಕೂರುತ್ತಿದ್ದಾನೆ, ಆದರೆ ತನ್ನದೇ ಕರಾರಿನ ಮೇಲೆ. ಸಂಜೆ ಆರಕ್ಕೆ ಕುಣಿಯಿಂದ ಮೇಲೆ ಏಳುವುದು. ಸೋಮವಾರ ಮಗ್ಗ ಮುಟ್ಟದಿರುವುದು. ಮಾಲೀಕ ಕೊಟ್ಟ ನೂಲಿಗೆ ಮಜೂರಿಗೆ ನೇಯುವ ಬದಲು ಉಳಿಸಿದ ಹಣದಲ್ಲಿ ತಾವೇ ನೂಲು ಕೊಂಡು, ನೇಯ್ದದ್ದನ್ನು ಗೆಳತಿಯ ಕಾಲೇಜಿನ ಪರಿಚಯದವರಿಗೆ, ಫೋನಿನಲ್ಲಿ ಕೇಳಿದವರಿಗೆ ನೇರವಾಗಿ ಮಾರುವುದು. ಅಜ್ಜ ಮೊದಲ ಮೂರಕ್ಕೆ ಗೊಣಗುತ್ತ ಒಪ್ಪಿದ್ದಾರೆ. ಮೊಮ್ಮಗನ ಮೊದಲ ಸೀರೆಯ ತೆನೆ ವಾರೆಯಾಗಿತ್ತೆಂದು ಅದನ್ನು ಮಾರಲು ಬಿಡದೆ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ನಾಲ್ಕನೆಯ ಕರಾರಿಗೆ ಮಾತ್ರ ಜಗಳ ನಿಂತಿಲ್ಲ. ಪ್ರತಿ ಸೀರೆಯ ಬೆಲೆಯಲ್ಲಿ ಅವ್ವನ ಕಂಡಿಕೆ, ಕೊಂಡಿಯ ಕೂಲಿ ಬೇರೆ ಬರೆದು ಅವಳ ಹೆಸರಿನ ಖಾತೆಗೆ ಹಾಕಬೇಕೆಂದು ಇವನ ಹಟ. ಮನ್ಯಾಗಿನ ಕೆಲಸಕ್ಕ ಎಂಥಾ ಕೂಲಿ ಎಂದು ಅಜ್ಜ ಮೂರು ದಿನ ಊಟ ಬಿಟ್ಟಿದ್ದರಂತೆ. ಇವನು ಮತ್ತೆ ಬೆಂಗಳೂರಿಗೆ ಹೋಗಬಹುದು, ಹೋಗದೆಯೂ ಇರಬಹುದು. ಒಂದು ವರ್ಷ ನೋಡುತ್ತೇನೆ ಎನ್ನುತ್ತಾನೆ.

ಫೋನನ್ನು ಅವ್ವನ ಕೈಗೆ ಕೊಟ್ಟ. ಅವರು ಈಗ ಒಂದು ನೋಟುಪುಸ್ತಕ ಇಟ್ಟಿದ್ದಾರೆ. ದಿನಕ್ಕೆ ಸುತ್ತಿದ ಕಂಡಿಕೆ, ಕೂಡಿಸಿದ ಕೊಂಡಿ, ಎಲ್ಲವನ್ನೂ ರಾತ್ರಿ ಬರೆಯುತ್ತಾರೆ. ಮಾವ ನೋಡದಂತೆ ಬರೆಯುವುದೇನೂ ಇಲ್ಲ, ಅವರ ಎದುರೇ ಬರೆಯುತ್ತಾರೆ. "ಅಕ್ಕಾರ, ಒಂದು ಕಂಡಕಿಗೆ ಎಷ್ಟು ಹಾಕಬೇಕ್ರೀ? ಕಡಿಮಿ ಹಾಕಿದ್ರ ಮಗಾ ಸಿಟ್ಟಾಗ್ತಾನ, ಜಾಸ್ತಿ ಹಾಕಿದ್ರ ಮಾವ" ಎಂದರು. ನಮ್ಮಲ್ಲಿ ಅಡಕೆ ಸುಲಿಯುವ ಹೆಂಗಸರಿಗೆ ಇಷ್ಟು ಕಿಲೋಗೆ ಇಷ್ಟು ಎಂದು ಲೆಕ್ಕವಿದೆ, ಹೊತ್ತಿನ ಲೆಕ್ಕಕ್ಕಿಂತ ಅದೇ ನಿಮಗೆ ಅನುಕೂಲ ಎಂದೆ. ಗುಳೇದಗುಡ್ಡದ ಖಣ ನೇಯುವವರಲ್ಲಿ ಕಂಡಿಕೆ ಸುತ್ತುವವರಿಗೆ ಏನು ಕೊಡುತ್ತಾರೆ ಎಂದು ಗೆಳತಿ ವಿಚಾರಿಸುತ್ತಿದ್ದಾಳೆ. ಬನಶಂಕರಿ ಜಾತ್ರೆಗೆ ನಾನು ಆ ಕಡೆ ಹೋಗುವ ಹೊತ್ತಿಗೆ ದರ ಗೊತ್ತಾಗಿರುತ್ತದೆ. ಅಲ್ಲಿಯವರೆಗೆ ಎಣಿಕೆ ತಪ್ಪದಂತೆ ಬರೆದಿಡಿ ಎಂದು ಹೇಳಿದ್ದೇನೆ.